ಎಲ್ಲ ಕಂಬಗಳಿಗೂ ಒಂದೇ ಮಾತು

ನಗರದ ಎಚ್ಚರಿಕೆ ಕೇಂದ್ರದಲ್ಲಿ ಮೈಕಿನ ಮುಂದೆ ಕೂರುವವಳಿಗೆ ತವರಿನ ಓಣಿಯವರು ಇಟ್ಟ ಹೆಸರು ಗಿಣಿ. ಬರೆದುಕೊಟ್ಟದ್ದನ್ನು ಒಂದಕ್ಷರ ಆಚೀಚೆ ಮಾಡದೆ ಹೇಳುತ್ತಾಳೆ ಅಂತ. ಅವಳ ಕೆಲಸವೂ ಅದೇ. ಹವಾಮಾನ ಕಚೇರಿಯಿಂದ ಸೂಚನೆ ಬರುತ್ತದೆ, ಪಾಳಿಯ ಮುಖ್ಯಸ್ಥ ಅದನ್ನು ನಾಲ್ಕು ಸಾಲಿಗೆ ಇಳಿಸುತ್ತಾನೆ, ಅವಳು ಓದುತ್ತಾಳೆ. ಬೀದಿಬೀದಿಯ ಕಂಬಗಳ ಮೇಲಿನ ಧ್ವನಿವರ್ಧಕಗಳು ಒಟ್ಟಿಗೇ ಬಾಯಿ ತೆರೆಯುತ್ತವೆ.

ಆ ಓಣಿ ಇರುವುದು ಕಾಲುವೆಯ ಪಕ್ಕದಲ್ಲಿ, ಊರಿಗೆಲ್ಲ ತಗ್ಗಿನಲ್ಲಿ. ಅಕ್ಕ ಅಲ್ಲೇ ಇದ್ದಾಳೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಗೋಡೆಗೆ ಒತ್ತಿ ಶಾಲೆ ಸಮವಸ್ತ್ರದ ಬಟ್ಟೆಯ ರಾಶಿ. ಹಿಂದೊಮ್ಮೆ ಬಿರುಗಾಳಿಯ ಎಚ್ಚರಿಕೆ ಕೇಳಿ ಓಣಿಯವರೆಲ್ಲ ಹಾಸಿಗೆ ಹೊತ್ತು ಎತ್ತರದಲ್ಲಿರುವ ಶಾಲೆಗೆ ಹೋಗಿದ್ದರು. ಗಾಳಿ ಸಮುದ್ರದಲ್ಲೇ ಬೇರೆ ದಿಕ್ಕು ಹಿಡಿಯಿತು. ಹನಿ ಮಳೆಯಿಲ್ಲ.

"ಏನೇ ಗಿಣಿ, ನಿನ್ನ ಬಿರುಗಾಳಿಗೆ ವಿಳಾಸ ಸಿಗಲಿಲ್ವಾ?" ಎಂದು ಪಕ್ಕದ ಮನೆಯ ಬೀಗ ರಿಪೇರಿ ಅಜ್ಜ ನಕ್ಕಿದ್ದ.

ಅಕ್ಕ ನಗಲಿಲ್ಲ. ಹೊತ್ತುಕೊಂಡು ಹೋಗುವಾಗ ಅರ್ಧ ಬಟ್ಟೆ ಕಾಲುವೆ ದಂಡೆಯ ಕೆಸರಿಗೆ ಬಿದ್ದಿತ್ತು. "ನೋಡು, ಕಂಬದ ಮಾತು ಊರಿಗೆ. ನಿಜವಾಗಿ ಬರೋ ಹಾಗಿದ್ರೆ ನೀನೇ ನಂಗೆ ಫೋನ್ ಮಾಡು. ಆಗ ಏಳ್ತೀನಿ."

ಆಗಲಿ ಅಂದಳು ಗಿಣಿ. ಆಮೇಲೆ ಬಂದ ಎಚ್ಚರಿಕೆಗಳಲ್ಲಿ ಅವಳು ಫೋನ್ ಮಾಡಲಿಲ್ಲ, ಅಕ್ಕ ಏಳಲಿಲ್ಲ, ಪುಣ್ಯಕ್ಕೆ ಏನೂ ಆಗಲಿಲ್ಲ. ಓಣಿಗೆ ಅದೇ ರೂಢಿಯಾಯಿತು. ಕಂಬ ಕೂಗಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಟೈಲರಕ್ಕನ ಬಾಗಿಲಿಗೆ ಬೀಗ ಬಿದ್ದಿದೆಯಾ ಎಂದು ಮಾತ್ರ ಇಣುಕಿ ನೋಡುತ್ತಿದ್ದರು.

ಈ ಸಲ ಸೂಚನೆ ಒಂದು ದಿನ ಮೊದಲೇ ಬಂತು. ಊರು ಮೈಕೊಡವಿ ಎದ್ದಿತು. ಆಸ್ಪತ್ರೆಯವರು ಜನರೇಟರನ್ನು ಮೇಲಿನ ಮಹಡಿಗೆ ಸಾಗಿಸಿದರು. ಬಸ್ಸುಗಳು ದಿಬ್ಬದ ಡಿಪೋಗೆ ಹೋದವು. ಮಾರುಕಟ್ಟೆಯವರು ತಗಡಿನ ಫಲಕಗಳನ್ನು ಇಳಿಸಿದರು. ಗಿಣಿ ಮಾತ್ರ ಅಕ್ಕನಿಗೆ ಫೋನ್ ಮಾಡಲಿಲ್ಲ. ಗಾಳಿ ಮತ್ತೆ ದಿಕ್ಕು ಬದಲಿಸಿದರೆ ಅಕ್ಕ ಇನ್ನೆಂದೂ ನಂಬುವುದಿಲ್ಲ. ಬೆಳಗಿನ ಸೂಚನೆ ನೋಡಿಕೊಂಡೇ ಹೇಳಿದರಾಯಿತು ಅಂದುಕೊಂಡಳು.

ಬೆಳಗಿನ ಸೂಚನೆಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆದರೆ ಅಷ್ಟರಲ್ಲಿ ಮೊಬೈಲ್ ಗೋಪುರ ಉರುಳಿತ್ತು. ಒತ್ತಿದಳು, ಮತ್ತೆ ಒತ್ತಿದಳು. ಫೋನಿನಲ್ಲಿ ಉಸಿರೂ ಇರಲಿಲ್ಲ.

ವೈರ್‌ಲೆಸ್‌ನಲ್ಲಿ ಶಾಲೆಯ ಮೇಷ್ಟರು ಕೂಗಿದರು: "ಈ ಕಡೆಯ ಉಳಿದ ಬೀದಿಯವರೆಲ್ಲ ಬಂದ್ರು. ಕಾಲುವೆ ಓಣಿಯಿಂದ ಒಂದು ನರಪಿಳ್ಳೆಯೂ ಇಲ್ಲ!"

"ಯಾರನ್ನಾದ್ರೂ ಕಳಿಸಿ ಮೇಷ್ಟ್ರೇ."

"ಕಳಿಸ್ದೆ ತಾಯಿ. 'ಟೈಲರಕ್ಕನೇ ಕೂತಿದ್ದಾಳೆ, ನಿಂಗೇನಪ್ಪಾ ಅವಸರ' ಅಂದ್ರಂತೆ. ಈಗ ದಾರೀಲಿ ಮರ ಬಿದ್ದಿದೆ."

ಗಿಣಿ ಮುಖ್ಯಸ್ಥನ ಕಡೆ ತಿರುಗಿದಳು. "ಒಂದೇ ಒಂದು ಮಾತು, ಅಕ್ಕನಿಗೆ ಹೇಳ್ತೀನಿ."

"ಆಗಲ್ಲಮ್ಮ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲ ಕಂಬಕ್ಕೂ ಒಂದೇ ತಂತಿ. ಒಬ್ಬರನ್ನ ಕರೆದ್ರೆ ಮಿಕ್ಕವರು ನಮ್ಮನ್ನಲ್ಲ ಅಂದ್ಕೋತಾರೆ. ಹಾಳೇಲಿ ಇರೋದನ್ನೇ ಓದು."

ಓದಿದಳು. ನಾಲ್ಕು ಸಾಲೂ ಮುಗಿದವು. ಮೈಕಿನ ಗುಂಡಿಯಿಂದ ಬೆರಳು ಏಳಲಿಲ್ಲ.

"ಅಕ್ಕಾ, ನಾನು ಕಣೇ. ಫೋನ್ ಸತ್ತಿದೆ, ಇದೇ ಫೋನು ಅಂದ್ಕೋ. ಈ ಸಲ ನಿಜ ಕಣೇ, ನಿನ್ ಕಾಲಿಗೆ ಬೀಳ್ತೀನಿ. ಮಿಷನ್ ಹಾಳಾಗ್ ಹೋಗ್ಲಿ, ಎದ್ದೇಳೇ!"

ಊರಿಗೆ ಊರೇ ಕೇಳಿಸಿಕೊಂಡಿತು. ಮುಖ್ಯಸ್ಥ ಕಣ್ಣುಮುಚ್ಚಿ ಕುಳಿತ. ಗೋಡೆಯ ಮೇಲಿನ ನಕ್ಷೆಯಲ್ಲಿ ಕಾಲುವೆ ಓಣಿಯ ಕಂಬದ ಹಸಿರು ದೀಪ ಇನ್ನೂ ಉರಿಯುತ್ತಿತ್ತು, ಕಂಬ ಸತ್ತಿಲ್ಲ ಅಂತ. ಅಕ್ಕನ ಕಿವಿಗೆ ಬಿತ್ತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಕಂಬಕ್ಕೆ ಬಾಯಿಯಿದೆ, ಕಿವಿಯಿಲ್ಲ. ಸ್ವಲ್ಪ ಹೊತ್ತಿಗೆ ಆ ದೀಪವೂ ಆರಿತು. ಕಾಲುವೆ ದಂಡೆ ಮೀರಿದೆ ಎಂದು ಅಗ್ನಿಶಾಮಕದವರು ತಿಳಿಸಿದರು. ಅವಳು ಮುಂದಿನ ಸೂಚನೆ ಓದಿದಳು. ಏನು ಓದಿದಳೆಂದು ಅವಳಿಗೇ ನೆನಪಿಲ್ಲ.

ವೈರ್‌ಲೆಸ್ ಮತ್ತೆ ಕರಕರ ಎಂದಿತು. "ಬರ್ತಿದ್ದಾರೆ!" ಮೇಷ್ಟರಿಗೆ ಏದುಸಿರು. "ಮರ ಹತ್ತಿ ಇಳಿದು ಬರ್ತಿದ್ದಾರೆ, ಓಣಿಗೆ ಓಣಿನೇ. ಟೈಲರಕ್ಕ ಮುಂದೆ ನಡೆದ್ಲಂತೆ, ಹಿಂದೆ ಎಲ್ಲರೂ... ತಗೊಳ್ಳಿ, ಅವರೇ ಮಾತಾಡ್ತಾರಂತೆ."

"ಅಕ್ಕಾ?"

"ಬದುಕಿದ್ದೀನಿ ಕಣೇ." ಅಕ್ಕನ ಹಲ್ಲು ಕಟಕಟ ಅನ್ನುತ್ತಿದ್ದವು. "ಬೀಗದ ಅಜ್ಜ ಬರಲಿಲ್ಲ. ಬಾಗಿಲು ಬಡಿದೆ, ರಟ್ಟೆ ಹಿಡಿದು ಎಳೆದೆ. 'ನಿನ್ನ ತಂಗಿ ಕರೆದಿದ್ದು ನಿನ್ನನ್ನ, ನೀ ಹೋಗು, ನನ್ನನ್ನ ಯಾರು ಕರೆದ್ರು' ಅಂತ ಒಳಗಿಂದ ಅಗಳಿ ಹಾಕ್ಕೊಂಡ. ನೀರು ಮಂಡಿವರೆಗೂ ಇತ್ತು. ನಾನು ಬಿಟ್ಟು ಬಂದೆ ಕಣೇ. ಬಿಟ್ಟು ಬಂದ್ಬಿಟ್ಟೆ."

ಗಿಣಿ ಮುಖ್ಯಸ್ಥನನ್ನು ನೋಡಿದಳು. ಆಗಲೇ ಹೇಳಿದ್ದೆ ಎಂದು ಅವನು ಅನ್ನಲಿಲ್ಲ. ಅಗ್ನಿಶಾಮಕದವರನ್ನು ಕರೆದು, ಅಜ್ಜನ ಮನೆ ಎಲ್ಲಿದೆ ಎಂದು ಅವಳ ಬಾಯಿಂದಲೇ ಹೇಳಿಸಿದ. ಟೈಲರ್ ಮನೆಯ ಬಲಕ್ಕೆ, ನೀಲಿ ಬಾಗಿಲು.

"ಬಾಗಿಲು ಎಲ್ಲಿ ಕಾಣುತ್ತಮ್ಮ?" ಆ ಕಡೆಯವನು ಗಾಳಿಯ ಮೇಲೆ ದನಿ ಎತ್ತಿದ. "ಸೆಳವು ಜೋರಾಗಿದೆ, ದೋಣಿ ಓಣಿ ಒಳಗೆ ಹೋಗ್ತಿಲ್ಲ. ನೀರು ಇಳಿದ ಮೇಲೆ ನೋಡ್ತೀವಿ."

ಮುಖ್ಯಸ್ಥ ಹೊಸ ಹಾಳೆಯನ್ನು ಅವಳ ಮುಂದಿಟ್ಟ. ದಿಬ್ಬದ ಕೆಳಗಿನ ಬೀದಿಗಳು ಇನ್ನೂ ಖಾಲಿಯಾಗಬೇಕಿತ್ತು. ಅವಳು ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು.