ಹಸಿರು ಗೆರೆ ಕುಣಿದ ಮಧ್ಯಾಹ್ನ

ಕಣ್ಣಿಗೆ ಕಂಡದ್ದನ್ನು, ಕೈಯಿಂದ ಅಳೆದದ್ದನ್ನು ಬಿಟ್ಟು ಬೇರೇನನ್ನೂ ನಂಬದವನು ನಾನು. ಊರಿನಲ್ಲಿ ಯಾರಾದರೂ ಹುಣಸೆಮರದ ಕೆಳಗೆ ಏನೋ ಕಂಡೆ ಎಂದರೆ, ಎಷ್ಟು ಎತ್ತರವಿತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ಪೊಲೀಸರ ಹಾಗೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಇಂಥವನಿಗೇ ಅದು ಆಗಬೇಕಾಯಿತು. ಅದೂ ರಾತ್ರಿಯಲ್ಲಲ್ಲ. ನಡುಮಧ್ಯಾಹ್ನ, ಒಬ್ಬ ಡಾಕ್ಟರರ ಎದುರಿಗೆ, ನಾನು ದೇವರಿಗಿಂತ ಹೆಚ್ಚು ನಂಬಿದ್ದ ಒಂದು ಯಂತ್ರದಲ್ಲಿ. ಓದಿದವರು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಿಂದಗಿಯವನು. ಡಿಪ್ಲೊಮಾ ಮುಗಿಸಿ, ಆಲಮಟ್ಟಿಯ ಅಣೆಕಟ್ಟಿನ ಕೆಲಸದಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಸೇರಿದ್ದೆ. ಉಕ್ಕಿನ ದಪ್ಪ ಹಲಗೆಗಳನ್ನು ವೆಲ್ಡಿಂಗ್ ಮಾಡಿದ ಮೇಲೆ ಒಳಗೆಲ್ಲಾದರೂ ಬಿರುಕು ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೊಂದು ಯಂತ್ರವಿತ್ತು. ಸಣ್ಣ ಟ್ರಂಕಿನಷ್ಟು ದೊಡ್ಡದು, ಮುಂದುಗಡೆ ಅಂಗೈಯಗಲದ ದುಂಡು ಪರದೆ, ಪರದೆಯ ಮೇಲೆ ಒಂದು ಹಸಿರು ಗೆರೆ. ಯಂತ್ರದಿಂದ ಹೊರಟ ಉದ್ದನೆಯ ವೈರಿನ ತುದಿಗೆ ಬೆಂಕಿಪೊಟ್ಟಣದಷ್ಟು ಒಂದು ಬಿಲ್ಲೆ. ಬಿಲ್ಲೆಯೊಳಗೆ ತೆಳ್ಳನೆಯ ಹರಳು. ಕರೆಂಟು ಕೊಟ್ಟರೆ ಆ ಹರಳು ನಡುಗಿ, ಮನುಷ್ಯರ ಕಿವಿಗೆ ನಿಲುಕದ ದನಿಯನ್ನು ಹೊರಡಿಸುತ್ತದೆ. ಎಣ್ಣೆ ಸವರಿ ಉಕ್ಕಿನ ಮೇಲಿಟ್ಟರೆ ದನಿ ಒಳಗೆ ಹೋಗಿ, ಬಿರುಕಿಗೆ ಬಡಿದು ಮರಳಿ ಬರುತ್ತದೆ. ಬಂದದ್ದನ್ನು ಅದೇ ಹರಳು ಹಿಡಿಯುತ್ತದೆ, ಪರದೆಯ ಗೆರೆ ಒಂದು ಕಡೆ ಮೊಳೆಯ ಹಾಗೆ ಎದ್ದು ನಿಲ್ಲುತ್ತದೆ. ಒಡೆಯದೆ, ಕೊರೆಯದೆ, ಉಕ್ಕಿನ ಹೊಟ್ಟೆಯೊಳಗೆ ಏನಿದೆ ಎಂದು ಹೇಳಬಹುದು! ಮೊದಲ ದಿನ ಅದನ್ನು ನೋಡಿದಾಗ ನನಗೆ ಊಟ ಸೇರಲಿಲ್ಲ.

ಹೊಸ ಹೊಸ ಆವಿಷ್ಕಾರಗಳೆಂದರೆ ಆಗ ನನಗೆ ಹುಚ್ಚು. ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ಲೋಹ ಕರಗಿಸಿ ನೋಡಿದರಂತೆ, ಅದು ತೊಟ್ಟಿಲ್ಲದ ಹಣ್ಣಿನ ಹಾಗೆ ಗಾಳಿಯಲ್ಲೇ ದುಂಡಗೆ ನಿಂತಿತಂತೆ ಎಂದು ಓದಿದ ವಾರವೇ, ಕೆಳಗೆ ಬೀಳುವ ವಸ್ತುವಿಗೂ ಬೀಳುವಷ್ಟು ಹೊತ್ತು ತೂಕವಿರುವುದಿಲ್ಲವಲ್ಲ ಎಂದು ಹೊಳೆದು, ಅರ್ಧ ಎದ್ದಿದ್ದ ಗೋಡೆಯ ಮೇಲಿಂದ ಕಾದ ಸೀಸವನ್ನು ಕೆಳಗಿನ ನೀರಿನ ಡ್ರಮ್ಮಿಗೆ ಸುರಿದಿದ್ದೆ. ಕಾಳುಮೆಣಸಿನಷ್ಟು ದುಂಡನೆಯ ಗುಂಡುಗಳು ಸಿಕ್ಕವು. ಮೇಲಿನವರಿಂದ ಬೈಗುಳವೂ ಸಿಕ್ಕಿತು. ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ತುಣುಕಿತ್ತು. ವಿದೇಶದಲ್ಲಿ ಒಬ್ಬ ವೈದ್ಯರು ಥೇಟ್ ನನ್ನದರಂಥದೇ ಬಿರುಕು ಹುಡುಕುವ ಯಂತ್ರವನ್ನು ಬಸುರಿಯರ ಹೊಟ್ಟೆಯ ಮೇಲಿಟ್ಟು ಒಳಗಿನ ಕೂಸನ್ನು ಪತ್ತೆ ಹಚ್ಚಿದ್ದರಂತೆ.

ನನ್ನ ಅಕ್ಕ ನೀಲವ್ವನನ್ನು ಇಂಗಳೇಶ್ವರಕ್ಕೆ ಕೊಟ್ಟಿತ್ತು. ಎರಡು ಸಲ ಬಸುರಾಗಿ ಎರಡೂ ಕೂಸು ಉಳಿದಿರಲಿಲ್ಲ. ಇದು ಮೂರನೆಯದು, ಎಂಟನೇ ತಿಂಗಳು ನಡೆದಿತ್ತು. ಬಸವನ ಬಾಗೇವಾಡಿಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಡಾಕ್ಟರ್ ಸುಮಿತ್ರಾಬಾಯಿ ಅವಳನ್ನು ನೋಡುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ, ಅಕ್ಕನನ್ನು ದವಾಖಾನೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂತು. ಇದ್ದ ಬಟ್ಟೆಯಲ್ಲೇ ಹೋದೆ.

ಕೂಸು ಎರಡು ದಿನದಿಂದ ಮಿಸುಕಿರಲಿಲ್ಲ. ಡಾಕ್ಟರರು ಎದೆಬಡಿತ ಕೇಳುವ ಕಟ್ಟಿಗೆಯ ಕೊಳವೆಯನ್ನು ಹೊಟ್ಟೆಗೆ ಹಚ್ಚಿ, ಸಂಜೆ ಕೇಳಿದರು, ಮರುದಿನ ಬೆಳಿಗ್ಗೆ ಮತ್ತೆ ಕೇಳಿದರು. ಆಮೇಲೆ ನನ್ನನ್ನೂ ಮಾವನನ್ನೂ, ಅಂದರೆ ಅಕ್ಕನ ಗಂಡನನ್ನೂ, ಹೊರಗೆ ಕರೆದರು.

"ಎದಿ ಬಡಿತ ಕೇಳಸವಲ್ದ್ರಿ. ಹೊಟ್ಟ್ಯಾಗ ನೀರು ಭಾಳ ತುಂಬೇತಿ, ಅದಕ್ಕ ಕೇಳಸವಲ್ದೋ, ಕೂಸ ಹೋಗೇತೋ, ನನಗ ಖಾತ್ರಿ ಇಲ್ಲ. ಜೀವ ಐತಿ ಅಂತ ಗೊತ್ತಾದ್ರ ಈಗಿಂದೀಗ ಬಿಜಾಪುರಕ್ಕ ಒಯ್ದು ಆಪರೇಷನ್ ಮಾಡಸಬೇಕು. ಇಲ್ಲಂದ್ರ ರಕ್ತದೊತ್ತಡ ಇಷ್ಟ ಏರಿದಾಗ ಸುಮ್ಮನ ಆಕಿ ಹೊಟ್ಟಿ ಕೊಯ್ಸೂದು ಬ್ಯಾಡ. ಆಕಿ ಜೀವಕ್ಕ ಅಪಾಯ."

ಮಾವ ಗೋಡೆ ಹಿಡಿದು ಕುಳಿತರು. ನನಗೆ ಮಾತ್ರ ಆ ವಿದೇಶದ ವೈದ್ಯರ ಸಂಗತಿ ಹೊಳೆಯಿತು. ನೋಟ್‌ಬುಕ್ಕಿನ ತುಣುಕನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಡಾಕ್ಟರರು ನನ್ನನ್ನು ದಿಟ್ಟಿಸಿ ನೋಡಿದರು.

"ನಾನೂ ಓದೀನಿ ಅದನ್ನ. ಎಷ್ಟೊತ್ತಿಗೆ ತರ್ತೀರಿ?"

"ಊಟದ ಹೊತ್ತಿನೊಳಗ ಬಂದಿರ್ತೇನ್ರಿ."

ಸಿಕ್ಕ ಲಾರಿ ಹತ್ತಿ ಆಲಮಟ್ಟಿಗೆ ಓಡಿದೆ. ಭಾನುವಾರ. ಸ್ಟೋರು ನೋಡಿಕೊಳ್ಳುವ ಹುಸೇನ್‌ಸಾಬ್ ಹಿಂದಿನ ರಾತ್ರಿಯೇ ತಮ್ಮೂರು ಮುದ್ದೇಬಿಹಾಳಕ್ಕೆ ಹೋಗಿದ್ದರು. ಕಾವಲುಗಾರನ ಕೈಕಾಲು ಹಿಡಿದು ಸ್ಟೋರು ತೆಗೆಸಿದೆ. ಯಂತ್ರ, ಬಿಲ್ಲೆ ಎರಡೂ ಇದ್ದ ಪೆಟ್ಟಿಗೆ ಅಲ್ಲೇ ಮುಂದೆ ಇತ್ತು. ಪರಿಚಯದ ಜೀಪೊಂದು ಬಾಗೇವಾಡಿಗೆ ಹೊರಟಿತ್ತು. ಯಂತ್ರವನ್ನು ತೊಡೆಯ ಮೇಲೆ ಕೂಸಿನ ಹಾಗೆ ಅಪ್ಪಿಕೊಂಡು ಕುಳಿತೆ. ರಸ್ತೆಯ ಪ್ರತಿ ಕುಳಿಗೂ, ಒಳಗಿನ ಗಾಜು ಒಡೆದೀತೆಂದು, ಅದನ್ನು ತುಸು ಎತ್ತಿ ಹಿಡಿಯುತ್ತಿದ್ದೆ.

ಬಿಸಿಲಿನಲ್ಲಿ ಆ ಹಸಿರು ಗೆರೆ ಕಾಣುವುದಿಲ್ಲ. ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲು ಹಾಕಿಕೊಂಡೆವು. ಕೋಣೆಯಲ್ಲಿ ನಾವು ಮೂವರೇ. ಅಕ್ಕ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಳು. ಡಾಕ್ಟರರು ಹೊಟ್ಟೆಯ ಮೇಲೆ ಶೇಂಗಾ ಎಣ್ಣೆ ಸವರಿ ಬಿಲ್ಲೆಯನ್ನು ಇಟ್ಟರು. ನಾನು ಗುಂಡಿ ತಿರುಗಿಸಿದೆ.

ಗೆರೆ ಬಂತು. ಒಂದು ಮೊಳೆ ಎದ್ದಿತು, ಮತ್ತೊಂದು ಎದ್ದಿತು. ಉಕ್ಕಿನಲ್ಲಿ ಅವು ಕಲ್ಲಿನ ಹಾಗೆ ನಿಲ್ಲುತ್ತವೆ. ಇಲ್ಲಿ ತುಸು ತೂಗಾಡುತ್ತಿದ್ದವು, ಅಕ್ಕನ ಉಸಿರಿನ ಜೊತೆಗೆ. ಡಾಕ್ಟರರು ಬಿಲ್ಲೆಯನ್ನು ಬೆರಳಗಲ ಕೆಳಗೆ ಸರಿಸಿದರು. ಅಷ್ಟರಲ್ಲಿ ಗೆರೆಯ ನಡುವೆ ಒಂದು ಪುಟ್ಟ ಮೊಳೆ ಎದ್ದು ಕುಣಿಯತೊಡಗಿತು. ಪಟಪಟ, ಪಟಪಟ, ಬಾಣಲೆಯಲ್ಲಿ ಎಳ್ಳು ಸಿಡಿದ ಹಾಗೆ.

ಡಾಕ್ಟರರು ಇನ್ನೊಂದು ಕೈಯಿಂದ ಅಕ್ಕನ ನಾಡಿ ಹಿಡಿದರು. ತುಟಿ ಅಲುಗಾಡಿಸುತ್ತ ಎಣಿಸಿದರು. ಆಮೇಲೆ ಪರದೆ ನೋಡುತ್ತ ಎಣಿಸಿದರು.

"ಇದು ತಾಯೀದಲ್ಲ," ಎಂದರು. "ತಾಯೀದಕ್ಕಿಂತ ಭಾಳ ಜೋರೈತಿ. ತಡೀರಿ, ತಗದು ನೋಡೂಣು."

ಬಿಲ್ಲೆ ಎತ್ತಿದರು. ಕುಣಿತ ನಿಂತಿತು. ಇಟ್ಟರು. ಕುಣಿಯಿತು. ಹೀಗೆ ಮೂರು ಸಲ. ಮೂರನೆಯ ಸಲ ನಾನು ತಡೆಯಲಾರದೆ, "ಅಕ್ಕಾ, ಐತೆವ್ವಾ! ಕೂಸ ಐತಿ!" ಎಂದು ಕೂಗಿಬಿಟ್ಟೆ. ಅಕ್ಕ ಗೋಡೆಯಿಂದ ಮುಖ ತಿರುಗಿಸಿ ಪರದೆಯನ್ನೇ ನೋಡಿದಳು. ನನ್ನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅದೇ ಜೀಪಿನಲ್ಲಿ ಅವಳನ್ನು ಬಿಜಾಪುರಕ್ಕೆ ಒಯ್ದೆವು. ಡಾಕ್ಟರರೂ ಬಂದರು. ಸಂಜೆ ಹೊತ್ತು ಮುಳುಗುವ ಮೊದಲು ಆಪರೇಷನ್ ಆಯಿತು. ಹೆಣ್ಣು ಕೂಸು, ಹತ್ತಿಯಲ್ಲಿ ಸುತ್ತಿ ಇಡಬೇಕಾದಷ್ಟು ಸಣ್ಣದು. ಆದರೆ ಅತ್ತಿತು ನೋಡಿ, ಆ ಅಳುವಿಗೆ ಮಾವ ದವಾಖಾನೆಯ ಅಂಗಳದಲ್ಲಿ ನಿಂತು ಗುರುತಿಲ್ಲದವರನ್ನೆಲ್ಲ ಅಪ್ಪಿಕೊಂಡರು. ನಾನಂತೂ ನೆಲದ ಮೇಲಿರಲಿಲ್ಲ. ಜೀವಮಾನದಲ್ಲಿ ಅಷ್ಟು ಖುಷಿಯಾಗಿ ನಾನು ಮತ್ತೆಂದೂ ಇದ್ದ ನೆನಪಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಮಂಗಳವಾರ ಪೆಟ್ಟಿಗೆ ಹೊತ್ತು ಆಲಮಟ್ಟಿಗೆ ಮರಳಿದೆ. ಹುಸೇನ್‌ಸಾಬ್ ಸ್ಟೋರಿನ ಮುಂದೆಯೇ ನಿಂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳುತ್ತಿದ್ದರೆ ಅವರ ಮುಖ ಬರಬರುತ್ತ ಒಂಥರಾ ಆಯಿತು.

"ಏನ್ ಹೇಳಾಕತ್ತೀರಿ ಸಾಹೇಬ್ರ? ಅದು ಕೆಟ್ಟಿದ್ದ ಬಿಲ್ಲಿ. ಶನಿವಾರ ನೀವು ಹ್ವಾದ ಮ್ಯಾಲ ವೆಲ್ಡರ್ ಕೈಯಿಂದ ಮ್ಯಾಲಿಂದ ಬಿತ್ತು. ನಾನ ಚೀಟಿ ಬರದು ಇಟ್ಟೀನಿ."

ಪೆಟ್ಟಿಗೆಯ ತಳದ ಬಟ್ಟೆ ಎತ್ತಿದರು. ಚೀಟಿ ಇತ್ತು. 'ಹರಳು ಒಡೆದಿದೆ, ಬಳಸಬಾರದು' ಎಂದು ಅವರದೇ ಅಕ್ಷರ, ಶನಿವಾರದ ತಾರೀಖು. ಇನ್ನೊಂದು ಒಳ್ಳೆಯ ಬಿಲ್ಲೆ ಅವರ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಭಾನುವಾರ ಇಡೀ ದಿನ ಮುದ್ದೇಬಿಹಾಳದಲ್ಲಿ ಅವರ ಜೇಬಿನಲ್ಲಿತ್ತು.

ನಾನು ನಂಬಲಿಲ್ಲ. ಅಲ್ಲೇ ಸ್ಕ್ರೂ ಬಿಚ್ಚಿ ಬಿಲ್ಲೆ ತೆರೆದೆ. ಹರಳು ನಾಲ್ಕು ಚೂರಾಗಿತ್ತು. ಒಳಗಿನ ವೈರು ಅದರಿಂದ ಪೂರ್ತಿ ಕಿತ್ತು ಬಂದು, ಬೆರಳಗಲ ದೂರದಲ್ಲಿ ಮುದುಡಿ ಬಿದ್ದಿತ್ತು. ಮತ್ತೆ ಮುಚ್ಚಿ ಉಕ್ಕಿನ ಮೇಲಿಟ್ಟೆ. ಸಪಾಟಾದ ಹಸಿರು ಗೆರೆ. ನನ್ನ ಎದೆಯ ಮೇಲೆ, ಹೊಟ್ಟೆಯ ಮೇಲೆ ಇಟ್ಟೆ. ಒಂದು ಮೊಳೆಯೂ ಏಳಲಿಲ್ಲ. ಒತ್ತಿ ಹಿಡಿದರೆ ವೈರು ತಗಲೀತೇನೋ ಎಂದು ಒತ್ತಿದೆ, ಅಲುಗಾಡಿಸಿದೆ, ಹುಸೇನ್‌ಸಾಬರ ಕೈಯಲ್ಲಿ ಬಡಿಸಿದೆ. ಊಹೂಂ.

ವಾರದ ನಂತರ ಅದೇ ಯಂತ್ರ, ಅದೇ ಬಿಲ್ಲೆ ತೆಗೆದುಕೊಂಡು ಬಾಗೇವಾಡಿಗೆ ಹೋದೆ. ಅದೇ ಕೋಣೆ, ಅದೇ ಕಂಬಳಿ, ಅದೇ ಎಣ್ಣೆ. ಡಾಕ್ಟರರು ತಮ್ಮ ಮುಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಪರದೆ ನೋಡಿದರು. ಏನೂ ಇರಲಿಲ್ಲ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡರು.

"ನಿಮ್ಮ ಮಿಷೀನಿಂದು ನೀವು ನೋಡ್ಕೋರಿ," ಎಂದರು. "ನಾ ಎಣಿಸೀನಿ. ಕೇಸ್ ಪೇಪರಿನ್ಯಾಗ ಎಷ್ಟು ಅಂತ ಬರದೀನಿ. ಅದನ್ನ ಅಳಸೂದಿಲ್ಲ."

ಆಮೇಲೆ ನನಗಿಂತ ಹೆಚ್ಚು ಓದಿದವರನ್ನು ಕೇಳಿದೆ. ಹತ್ತಿರದಲ್ಲಿ ಎಲ್ಲೋ ಮೋಟರು ನಡೆದಿರಬೇಕು, ಅದರ ಕರೆಂಟು ಪರದೆಯ ಮೇಲೆ ಬಿದ್ದಿರಬೇಕು ಎಂದರು ಒಬ್ಬರು. ಹಾಗಿದ್ದರೆ ಬಿಲ್ಲೆ ಎತ್ತಿದಾಗ ನಿಂತು, ಇಟ್ಟಾಗ ಕುಣಿದದ್ದೇಕೆ? ನಮ್ಮ ಆಸೆಯೇ ಕಣ್ಣಿಗೆ ಕಂಡಿದೆ ಎಂದರು ಇನ್ನೊಬ್ಬರು. ನನ್ನ ಆಸೆಯಾದರೆ ಸರಿ, ಅನುಮಾನದಿಂದಲೇ ಮೂರು ಸಲ ಪರೀಕ್ಷಿಸಿದ ಡಾಕ್ಟರರದೂ ಅದೇ ಆಸೆಯೇ? ಹರಳಿನ ಒಂದು ಚೂರಿಗೆ ಜೀವ ಉಳಿದಿರಬೇಕು ಎಂಬುದು ನನಗೆ ನಾನೇ ಹೇಳಿಕೊಂಡ ಸಮಾಧಾನ. ನಾಲ್ಕೂ ಚೂರುಗಳನ್ನು ಒಂದೊಂದಾಗಿ ವೈರಿಗೆ ಹಚ್ಚಿ ನೋಡಿದೆ. ಒಂದೂ ಬಾಯಿ ಬಿಡಲಿಲ್ಲ.

ಈ ವಿಷಯವನ್ನು ಅಕ್ಕನಿಗೆ ಹೇಳಲು ವರ್ಷವೇ ಹಿಡಿಯಿತು. ಹೆದರಿದಾಳು, ಇಲ್ಲವೇ ಏನಾದರೂ ಹರಕೆ ಹೊತ್ತಾಳು ಎಂದುಕೊಂಡಿದ್ದೆ. ಅವಳು ಇಂಗಳೇಶ್ವರದ ಮನೆಯ ಕಟ್ಟೆಯ ಮೇಲೆ ಕೂಸಿಗೆ ಗಂಜಿ ತಿನ್ನಿಸುತ್ತ ಎಲ್ಲವನ್ನೂ ಕೇಳಿದಳು. ಕೂಸು ಗಂಜಿಯನ್ನು ಅವಳ ಮುಖಕ್ಕೇ ಉಗುಳಿತು. ಸೆರಗಿನಿಂದ ಒರೆಸಿಕೊಂಡು ನಕ್ಕಳು.

"ಮಿಷೀನ್ ಕೆಟ್ಟಿತ್ತಂದ್ರ ಕೆಟ್ಟಿತ್ತು ಬಿಡೋ ತಮ್ಮಾ. ಕೂಸ ಚಲೋ ಇತ್ತಲ್ಲ!"

ಅವಳಿಗೆ ಅಷ್ಟು ಸಾಕಾಯಿತು. ಇಷ್ಟು ವರ್ಷವಾದರೂ ನನಗೆ ಸಾಕಾಗಿಲ್ಲ. ಆ ಕಂಬಳಿಯ ಕತ್ತಲಲ್ಲಿ ಗೆರೆ ಕುಣಿದದ್ದು ನಿಜ, ಹರಳು ಒಡೆದದ್ದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದನ್ನು ಕಲಿತಿದ್ದೇನೆ. ಅರ್ಥ ಮಾಡಿಕೊಳ್ಳುವುದನ್ನು ಮಾತ್ರ ಇನ್ನೂ ಕಲಿತಿಲ್ಲ.