ಹಳದಿ ತೆಗೆಸಿದವಳು ನಾನು

ಝರ್ರ್ ಎಂದು ಹೋಗಿ, ಟಕ್ಕೆಂದು ನಿಂತು, ಮತ್ತೆ ಝರ್ರ್ ಎಂದು ವಾಪಸು ಬರುವ ಸದ್ದು. ಸಾಗರದ ಪ್ರಿಂಟಿಂಗ್ ಅಂಗಡಿಯಲ್ಲಿ ಮಂಚದಷ್ಟು ಅಗಲದ ಮೆಷಿನ್ ಬಣ್ಣ ಹಾಕುತ್ತಿದ್ದುದು ಹಾಗೆ. ಹೊಸನಗರದಲ್ಲಿ ನಾನು ಇಂಗ್ಲಿಷ್ ಕಲಿಸಿದ ಶಾಲೆಯವರು, ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಕೆಮ್ಮಣ್ಣಿನ ಗೋಡೆಯ ಮೇಲೆ ಬರೆದ ಹಸೆ ಚಿತ್ತಾರದ ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ಮಾಡಿಸಲು ನನ್ನನ್ನು ಕಳಿಸಿದ್ದರು. ಮೇಡಂಗೆ ಟೇಸ್ಟ್ ಇದೆ ಅಂತ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಎಂಬ್ರಾಯ್ಡರಿ ಕಲಿತವಳೆಂಬ ಜಂಬ ನನಗೂ ಇತ್ತು.

ಮೆಷಿನ್ ನಡೆಸುತ್ತಿದ್ದವಳು ನನ್ನದೇ ಹಳೇ ಸ್ಟೂಡೆಂಟ್. ಬೆಳಿಗ್ಗೆಯಿಂದ ಅವಳದು ಒಂದೇ ಕೆಲಸ: ಬಣ್ಣದ ಸಣ್ಣ ಸಣ್ಣ ಚೌಕಗಳ ಹಾಳೆ ಪ್ರಿಂಟ್ ಮಾಡುವುದು, ಇಂಕ್ ಆರುವ ತನಕ ಕಾಯುವುದು, ಒಂದೊಂದು ಚೌಕದ ಮೇಲೂ ಪುಟ್ಟ ಮೀಟರ್ ಇಟ್ಟು ಬಣ್ಣ ಅಳೆಯುವುದು, ಕಂಪ್ಯೂಟರಿನಲ್ಲಿ ತಿದ್ದುವುದು. ಕೊನೆಗೆ ಚಿತ್ತಾರದ ಸ್ಯಾಂಪಲ್ ತೆಗೆದು ನನ್ನ ಮುಂದೆ ಹಿಡಿದಳು.

"ಎಂಥದೇ ಇದು, ಪೂರ್ತಿ ಅರಿಶಿನ ಬಳಿದ ಹಾಗಿದೆ!"

"ಮೀಟರ್ ಪ್ರಕಾರ ಸರಿ ಇದೆ ಟೀಚರ್. ನಮ್ಮನೇಲೂ ಬರೀತಾರೆ. ಗುರಿಗೆ ಕಾಯಿಂದ ತೆಗೆಯೋ ಹಳದಿ ಹಿಂಗೇ ಇರೋದು."

"ಯೆಲ್ಲೋ ಅಂದ್ರೆ ಯಾವ್ದು ಅಂತ ನಿಂಗೆ ಕಲಿಸಿದವಳೇ ನಾನು. ಡೋಂಟ್ ಆರ್ಗ್ಯೂ. ಹಳದಿ ಕಮ್ಮಿ ಮಾಡು."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕಮ್ಮಿ ಮಾಡಿದಳು. ಇನ್ನೂ ಎಂದೆ. ಇನ್ನೂ. ಅಕ್ಕಿಹಿಟ್ಟಿನ ಗೆರೆ ನನ್ನ ಕಣ್ಣಿಗೆ ಬೆಳ್ಳಗೆ ಕಂಡ ಮೇಲೆ "ನೌ ಪರ್ಫೆಕ್ಟ್" ಎಂದೆ.

ಶಾಲೆಯಲ್ಲಿ ಪರದೆ ಸರಿಸಿದಾಗ ಚಿತ್ತಾರ ಬರೆದ ಅಜ್ಜಿ ಹತ್ತಿರ ಹೋಗಿ ಮುಟ್ಟಿ ನೋಡಿದರು. "ಹಳದಿ ಎಲ್ಲಿ ಹೋಯ್ತ್ರಾ? ಕೆಮ್ಮಣ್ಣು ನೇರಳೆಹಣ್ಣಾಗಿದ್ಯಲ್ಲ!" ಎಲ್ಲರೂ ನಕ್ಕರು. ಚಿತ್ರ ಕೂರಿಸಲು ಬಂದಿದ್ದ ಪ್ರಿಂಟಿಂಗ್ ಅಂಗಡಿಯ ಮಾಲೀಕ ಅಷ್ಟು ಜನರೆದುರೇ, ಜೊತೆಗೆ ಬಂದಿದ್ದ ನನ್ನ ಸ್ಟೂಡೆಂಟಿಗೆ, "ಕಲರ್ ನೋಡಕ್ಕೆ ಬರಲ್ಲ ಅಂದ್ರೆ ಮೆಷಿನ್ ಯಾಕೆ ಮುಟ್ತೀಯ?" ಎಂದ. ನನಗೇನೋ ಬಣ್ಣ ಸರಿಯಾಗಿಯೇ ಕಾಣುತ್ತಿತ್ತು. ಆದರೂ ಹಳದಿ ತೆಗೆಸಿದವಳು ನಾನು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಸನ್ಮಾನದ ಶಾಲು ಹೊದ್ದುಕೊಂಡು ಮುಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದೆ.

ಎರಡು ತಿಂಗಳಿಗೆ ಕ್ಯಾಟರಾಕ್ಟ್ ಆಪರೇಷನ್ ಆಯಿತು. ಕ್ರೀಮ್ ಕಲರ್ ಎಂದುಕೊಂಡಿದ್ದ ನಮ್ಮ ಮನೆಯ ಕರ್ಟನ್ ಅಪ್ಪಟ ಬಿಳಿಯದಾಗಿತ್ತು. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ ಎಂದರು ಡಾಕ್ಟರ್. ಶಾಲೆಗೆ ಹೋಗಿ ನೋಡಿದೆ. ಕೆಮ್ಮಣ್ಣೂ ಇಲ್ಲ, ಗುರಿಗೆಯೂ ಇಲ್ಲ. ಏಟು ಬಿದ್ದು ಕಂದಿದ ಮೈಯ ಬಣ್ಣ. ಸಾಗರದ ಅಂಗಡಿಗೆ ಫೋನ್ ಮಾಡಿದರೆ, ಅವಳು ಬಿಟ್ಟು ಹೋದಳು ಎಂದರು.

ಕಡೆಯ ಸಲ ಅವಳನ್ನು ಕಂಡದ್ದು ತೀರ್ಥಹಳ್ಳಿಯಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ. ನೋಡಿದವಳೇ ಎದ್ದು ನಿಂತಳು.

"ಕೂತ್ಕೊಳಿ ಟೀಚರ್. ಕಣ್ಣಿನ ಆಪರೇಷನ್ ಆಯ್ತಾ?"

"ನಿಂಗ್ಯಾರು ಹೇಳಿದ್ರು?"

"ಅವತ್ತೇ ಗೊತ್ತಾಯ್ತು. ನಮ್ಮಜ್ಜಿಗೂ ಹಂಗೇ ಆಗಿತ್ತು. ನಿಮ್ಗೆ ಹೆಂಗೆ ಹೇಳೋದು, ಟೀಚರ್ ಅಲ್ವಾ..."

ಕ್ಲಾಸಿನಲ್ಲಿ ಮಕ್ಕಳ ಬಾಯಿಂದ ದಿನಕ್ಕೆ ನೂರು ಸಲ 'ಸಾರಿ' ಹೇಳಿಸುತ್ತಿದ್ದವಳು ನಾನು. ನನ್ನ ಬಾಯಿಂದ ಹೊರಟದ್ದು "ಟೂ ಕಾಪೀಸ್" ಮಾತ್ರ. ಮೆಟ್ಟಿಲು ಇಳಿಯಲು ಅವಳೇ ಕೈ ಹಿಡಿದುಕೊಂಡಳು. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಯಾರದೋ ಆಧಾರ್ ಕಾರ್ಡಿನ ಕಪ್ಪು ಬಿಳುಪು ಪ್ರತಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದಳು.