ಅಕ್ಕೋರು ಕುಡಿಯದ ಚಹಾ

ಮೊನ್ನೆ ಹುಬ್ಬಳ್ಳಿಯ ನಮ್ಮ ಹಳೆಯ ಶಾಲೆಯಲ್ಲಿ ಒಂದು ಕಪ್ ಚಹಾಕ್ಕಾಗಿ ದೊಡ್ಡ ಜಗಳ. ಕುಡಿಯುವ ಚಹಾ ಅಲ್ಲ, ಚಿತ್ರದೊಳಗಿನ ಚಹಾ!

ವಿಷಯ ಇಷ್ಟೇ. ನಿವೃತ್ತ ಮುಖ್ಯೋಪಾಧ್ಯಾಯಿನಿ ಸಲೋಮಿ ಟೀಚರ್ (ನಮಗೆಲ್ಲ ಇವತ್ತಿಗೂ 'ಅಕ್ಕೋರು') ಅವರ ಚಿತ್ರವನ್ನು ಶಾಲೆಯ ಹಾಲ್‌ನಲ್ಲಿ ಹಾಕಬೇಕೆಂಬುದು ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಆಸೆ. ಬರೆದವಳು ನನ್ನ ಕ್ಲಾಸ್‌ಮೇಟ್ ವಿದ್ಯಾ. ಗಟ್ಟಿ ಹೆಂಗಸರನ್ನು ಬರೆಯುವುದೇ ಅವಳ ಹುಚ್ಚು. ಆದರೆ ಸಿಂಹ, ಕತ್ತಿ, ಕಿರೀಟ ಏನೂ ಇರುವುದಿಲ್ಲ. ಎಪಿಎಂಸಿಯಲ್ಲಿ ಗಂಡಸರ ನಡುವೆ ವ್ಯಾಪಾರ ಮಾಡುವ ಹೆಂಗಸಿಗೆ ಅವಳು ಚಿತ್ರದಲ್ಲಿ ಕೊಟ್ಟಿದ್ದು ಒಂದು ಬೊಗಸೆ ಜೋಳ, ಅಷ್ಟೇ.

ಅಕ್ಕೋರಿಗೆ? ಎದುರಿಗೊಂದು ಸ್ಟೂಲು, ಅದರ ಮೇಲೆ ಕೆನೆಗಟ್ಟಿದ ಚಹಾದ ತುಂಬಿದ ಕಪ್. ಅಕ್ಕೋರ ಎರಡೂ ಕೈ ಮಡಿಲಲ್ಲಿ.

ಶಾಲೆಯ ಕಾರ್ಯದರ್ಶಿ ಪಾಟೀಲರು ಹೌಹಾರಿದರು. "ಏನ್ರಿ ಇದು? ಹಾಲ್‌ನ್ಯಾಗ ಉಳದವ್ರೆಲ್ಲಾ ಪುಸ್ತಕ ಹಿಡಕೊಂಡು ಕುಂತಾರ. ಅಕ್ಕೋರು ಚಾದಂಗಡ್ಯಾಗ ಕುಂತಂಗ ಕಾಣತಾರಲ್ರಿ! ಕಪ್ ಅಳಿಸಿ ಪುಸ್ತಕ ಬರೀರಿ. ಇಲ್ಲಂದ್ರ ಇದನ್ನ ಹಾಕೂದಿಲ್ಲ."

ಸಿಟ್ಟು ಬಂತು ನನಗೆ. ಆದರೆ ಕುತೂಹಲವೂ ಇತ್ತು. ಯಾಕೆ ಚಹಾ?

ವಿದ್ಯಾ ಹೇಳಿದಳು: "ನಾ ಹತ್ತನೇ ಕ್ಲಾಸಿನ್ಯಾಗ ಇದ್ದಾಗ ಲಗ್ನ ಗೊತ್ತು ಮಾಡಿದ್ರು. ಅಕ್ಕೋರು ಮನಿಗೆ ಬಂದ್ರು. ಅವ್ವ ಚಾ ಕೊಟ್ಲು. 'ಹುಡುಗಿನ್ನ ಪರೀಕ್ಷಾಕ್ಕ ಕಳಸ್ತೀನಿ ಅನ್ರಿ, ಕುಡೀತೀನಿ' ಅಂದು ಸುಮ್ಮನ ಕುಂತ್ರು. ಚಾ ಆರಿತು, ಕೆನಿ ಕಟ್ಟಿತು. ಕಡೀಕ ಅಪ್ಪ ಹೂಂ ಅಂದ."

ನಮ್ಮ ಕಡೆ ಮನೆಗೆ ಬಂದವರು ಚಹಾ ಮುಟ್ಟದೆ ಎದ್ದರೆ ಮಾನ ಹೋದಂತೆಯೇ. (ಬೈದರೆ ತಡೆದುಕೊಂಡೇವು, ಇದನ್ನಲ್ಲ.) ಅಕ್ಕೋರು ಹಾಗೆ ಎಷ್ಟು ಮನೆಗಳಲ್ಲಿ ಕೂತಿದ್ದರೋ!

ಪಾಟೀಲರು ಮೆತ್ತಗಾದರು, ಆದರೂ ಪುಸ್ತಕ ಬಿಡಲಿಲ್ಲ. ಕೊನೆಗೆ ಅಕ್ಕೋರನ್ನೇ ಕೇಳೋಣ ಎಂದಾಯಿತು. ಬಂದರು. ಕನ್ನಡಕ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಕಪ್ ಇರ್ಲಿ" ಎಂದರು. ವಿದ್ಯಾಳ ಮುಖ ಅರಳಿತು. "ಆದ್ರ ಬಾಜೂಕ ಇನ್ನೊಂದು ಕಪ್ ಬರಿಯವ್ವಾ. ಖಾಲೀದು."

"ಯಾಕ್ರಿ ಅಕ್ಕೋರ?"

"ಶಿರಗುಪ್ಪ್ಯಾಗ ಒಂದು ಮನಿ. ಹುಡುಗಿ ಅಪ್ಪ 'ಲಗ್ನ ತಪ್ಪಿಸಬ್ಯಾಡ್ರಿ, ಚಾ ಕುಡೀರಿ' ಅಂತ ಕೈ ಮುಗದು ಅತ್ತ. ನನಗ ತಡಕೊಳ್ಳಾಕ ಆಗಲಿಲ್ಲ, ಚಾ ಕುಡದು ಎದ್ದು ಬಂದೆ. ಆ ಹುಡುಗಿ ಮತ್ತ ಸಾಲಿಗೆ ಬರ್ಲಿಲ್ಲ."

ಪಾಟೀಲರೇ ಎದ್ದು ಹೋಗಿ ಗೋಡೆಯ ಮೇಲೆ ಜಾಗ ನೋಡತೊಡಗಿದರು.

ಅಲ್ಲಿ ಪುಸ್ತಕ ಹಿಡಿದು ಕುಳಿತಿರುವ ಮಹನೀಯರಲ್ಲಿ, ತಾವು ಸೋತ ಮನೆಗೂ ಚಿತ್ರದಲ್ಲಿ ಜಾಗ ಕೇಳಿದವರು ಒಬ್ಬರಾದರೂ ಇದ್ದಾರೆಯೇ?